ಎಡ ಎಂದರೆ ಯಾರ ಎಡ? ಎರಡು ಸ್ಪೀಕರ್‌ಗಳ ಹಿಂದಿನ ಕಥೆ



ಕಂಪ್ಯೂಟರಿನ ಎರಡು ಸ್ಪೀಕರ್‌ಗಳು ಅದಲುಬದಲಾಗಿದ್ದರೂ ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ಯಾರಿಗೂ ಗೊತ್ತಾಗುವುದಿಲ್ಲ. ಹಾಡು ಹಾಡಾಗಿಯೇ ಕೇಳಿಸುತ್ತದೆ. ಆದರೆ ಒಂದು ಸಿನಿಮಾ ಹಾಕಿ ನೋಡಿ. ಕಾರು ಪರದೆಯ ಎಡದಿಂದ ಬಲಕ್ಕೆ ಓಡುತ್ತದೆ, ಸದ್ದು ಬಲದಿಂದ ಎಡಕ್ಕೆ ಹೋಗುತ್ತದೆ! ಗೇಮ್ ಆಡುವವರ ಪಾಡಂತೂ ಕೇಳಲೇಬೇಡಿ, ಹೆಜ್ಜೆ ಸದ್ದು ಒಂದು ಕಡೆ, ಶತ್ರು ಇನ್ನೊಂದು ಕಡೆ. ಹಾಡಿನಲ್ಲಿ ಅಡಗಿ ಕೂತಿದ್ದ ತಪ್ಪು ಚಿತ್ರದ ಮುಂದೆ ಸಿಕ್ಕಿಬೀಳುತ್ತದೆ. ಇದಕ್ಕೆ ಕಾರಣ ಸ್ಟೀರಿಯೊ ಹುಟ್ಟಿದ ಕಥೆಯಲ್ಲೇ ಇದೆ.

ಮೊದಲು ಕಿವಿಯ ವಿಷಯ. ಎಡಗಡೆಯಿಂದ ಬರುವ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ. ಬಲಗಿವಿಗೆ ತಲುಪುವಾಗ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ತಡವಾಗುತ್ತದೆ. ತಲೆ ಅಡ್ಡ ಇರುವುದರಿಂದ ಆ ಕಡೆ ಸದ್ದು ಸ್ವಲ್ಪ ಕ್ಷೀಣವೂ ಆಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸ ಹಿಡಿದು ಮೆದುಳು ದಿಕ್ಕು ಹೇಳಿಬಿಡುತ್ತದೆ.

1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾ ಆದೆರ್ ಎಂಬ ಎಂಜಿನಿಯರ್ ಒಪೆರಾ ರಂಗದ ಮುಂದೆ ಮೈಕ್‌ಗಳನ್ನು ಸಾಲಾಗಿ ಇಟ್ಟು, ನೆಲದಡಿಯ ಚರಂಡಿಗಳ ಮೂಲಕ ತಂತಿ ಎಳೆದು, ಜನರ ಎರಡೂ ಕಿವಿಗೆ ಒಂದೊಂದು ಟೆಲಿಫೋನ್ ರಿಸೀವರ್ ಕೊಟ್ಟ. ಗಾಯಕರು ವೇದಿಕೆಯ ಮೇಲೆ ಆಚೀಚೆ ಓಡಾಡುವುದು ಕೇಳುಗರಿಗೆ ಕಿವಿಯಲ್ಲೇ ತಿಳಿಯುತ್ತಿತ್ತು. ಆದರೆ ಅದನ್ನು ದಾಖಲಿಸಿ ಇಡುವ ದಾರಿ ಆಗ ಇರಲಿಲ್ಲ.

ಆ ದಾರಿ ಹುಡುಕಿದವನು ಲಂಡನ್ನಿನ ಅಲನ್ ಬ್ಲಮ್‌ಲೀನ್. 1931ರಲ್ಲಿ, ಮುಂದೆ ತನ್ನ ಹೆಂಡತಿಯಾದ ಗೆಳತಿಯ ಜೊತೆ ಸಿನಿಮಾಕ್ಕೆ ಹೋಗಿದ್ದಾಗ, ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ದನಿ ಒಂದೇ ಜಾಗದಿಂದ ಬರುವುದು ಅವನಿಗೆ ಕಿರಿಕಿರಿ ಎನಿಸಿತಂತೆ. ಇದಕ್ಕೆ ಪರಿಹಾರ ತನ್ನ ಬಳಿ ಇದೆ ಎಂದು ಅವಳಿಗೆ ಹೇಳಿದನಂತೆ. ಅದೇ ವರ್ಷ ಡಿಸೆಂಬರ್ 14ರಂದು ಪೇಟೆಂಟ್ ಅರ್ಜಿ ಹಾಕಿದ. ಆಗ ಅವನಿಗೆ 28 ವರ್ಷ, ನಮ್ಮಲ್ಲಿ ಅನೇಕರ ವಯಸ್ಸು! ಒಂದೇ ಗೀರಿನಲ್ಲಿ ಎರಡು ಧ್ವನಿ ಕೆತ್ತುವ ವಿಧಾನವೂ ಆ ಅರ್ಜಿಯಲ್ಲಿದೆ. 1934ರಲ್ಲಿ ಆಬಿ ರೋಡ್ ಸ್ಟುಡಿಯೋದಲ್ಲಿ ಥಾಮಸ್ ಬೀಚಮ್ ನಡೆಸುತ್ತಿದ್ದ ಮೊಟ್ಸಾರ್ಟ್ ಸಂಗೀತದ ಅಭ್ಯಾಸವನ್ನು ಹೀಗೆ ದಾಖಲಿಸಿದ. 1935ರಲ್ಲಿ ಹೇಯ್ಸ್ ನಿಲ್ದಾಣದಲ್ಲಿ ರೈಲುಗಳು ಹಾದುಹೋಗುವ ಪುಟ್ಟ ಚಿತ್ರ ತೆಗೆದ. ಅದರಲ್ಲಿ ರೈಲು ಹೋದ ಕಡೆಗೇ ಸದ್ದೂ ಹೋಗುತ್ತದೆ. ಈಗ ನಮಗೆ ಇದು ಏನೂ ಅಲ್ಲ, ಅಂದು ಅದೇ ದೊಡ್ಡ ಸಾಧನೆ.

ಅವನ ಕಂಪನಿ ಮುಂದೆ ಟಿವಿ ಮತ್ತು ರೇಡಾರ್ ಕೆಲಸಕ್ಕೆ ತಿರುಗಿತು, ಸ್ಟೀರಿಯೊ ಮೂಲೆ ಸೇರಿತು. 1942ರ ಜೂನ್ 7ರಂದು ರಾತ್ರಿಯಲ್ಲೂ ನೆಲವನ್ನು ತೋರಿಸುವ ಹೊಸ ರೇಡಾರನ್ನು ಪರೀಕ್ಷಿಸುತ್ತಿದ್ದ ಹ್ಯಾಲಿಫ್ಯಾಕ್ಸ್ ವಿಮಾನ ಇಂಗ್ಲೆಂಡಿನ ಹೆರೆಫರ್ಡ್‌ಶೈರ್‌ನಲ್ಲಿ ಬಿದ್ದು, ಅದರಲ್ಲಿದ್ದ 11 ಮಂದಿಯೂ ಸತ್ತರು. ಬ್ಲಮ್‌ಲೀನ್ ಅವರಲ್ಲೊಬ್ಬ, ವಯಸ್ಸು 38. ಯುದ್ಧದ ಗುಟ್ಟಿನ ಕೆಲಸವಾದ್ದರಿಂದ ಸುದ್ದಿಯನ್ನೂ ಮುಚ್ಚಿಟ್ಟರು. 128 ಪೇಟೆಂಟ್‌ಗಳ ಈ ಮನುಷ್ಯನ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ನನಗಂತೂ ಸಿಕ್ಕಿಲ್ಲ.

ಸ್ಟೀರಿಯೊ ತಟ್ಟೆಗಳು ಅಂಗಡಿಗೆ ಬಂದದ್ದು 1958ರಲ್ಲಿ. ಗೀರಿನ ಎರಡು ಗೋಡೆಗಳು ತಲಾ 45 ಡಿಗ್ರಿ ಓರೆ; ತಟ್ಟೆಯ ಮಧ್ಯದ ಕಡೆಗಿರುವ ಗೋಡೆ ಎಡ, ಅಂಚಿನ ಕಡೆಯದು ಬಲ. ಹೀಗೇ ಇರಬೇಕೆಂದು ಪ್ರಕೃತಿ ಹೇಳಿಲ್ಲ, ಇದು ಎಲ್ಲರೂ ಸೇರಿ ಮಾಡಿಕೊಂಡ ಒಪ್ಪಂದ. ಕಂಪ್ಯೂಟರ್ ಸ್ಪೀಕರಿನ ಪಿನ್ನಲ್ಲಿ ತುದಿ ಎಡಕ್ಕೆ, ನಡುವಿನ ಉಂಗುರ ಬಲಕ್ಕೆ ಎಂಬುದೂ ಹಾಗೆಯೇ. ಜೋಡಿ ಕೇಬಲಿನಲ್ಲಿ ಕೆಂಪು ಬಲ, ಬಿಳಿ ಎಡ. ಇಂಗ್ಲಿಷಿನಲ್ಲಿ ಕೆಂಪಿಗೂ ಬಲಕ್ಕೂ ‘ಆರ್’ ಮೊದಲಕ್ಷರ, ನೆನಪಿಡಲು ಸುಲಭ.

ಇಷ್ಟಕ್ಕೂ ಎಡ ಎಂದರೆ ಯಾರ ಎಡ? ಕೇಳುಗರ ಎಡ. ವೇದಿಕೆಗೆ ಮುಖ ಮಾಡಿ ಕೂತವರ ಎಡಗೈ ಯಾವ ಕಡೆಯೋ ಅದೇ ಎಡ. ಹಾಡುವವರಿಗೆ ಅದು ಬಲವಾಗುತ್ತದೆ. ಬಲಿಪೂಜೆಯನ್ನು ನೇರಪ್ರಸಾರ ಮಾಡುವಾಗ ಎರಡು ಮೈಕ್ ಇಡುವ ಗೆಳೆಯರು ಗಮನಿಸಬೇಕು: ಗಾನವೃಂದದ ಕಡೆ ನಿಂತು ಎಡ ಬಲ ಗುರುತು ಹಾಕಿದರೆ ಪ್ರಸಾರ ತಿರುಗುಮುರುಗು ಆಗುತ್ತದೆ. ಕ್ಯಾಮೆರಾದ ಹಿಂದೆ ನಿಂತು ಗುರುತು ಹಾಕಿ. ಚರ್ಚಿನೊಳಗಿನ ಸೌಂಡ್ ಸಿಸ್ಟಮ್ ಮಾತ್ರ ಮೋನೋ ಇರುವುದೇ ವಾಸಿ ಎಂದು ನನ್ನ ಅಭಿಪ್ರಾಯ. ಎಡಬದಿಯ ಕೊನೆಯ ಬೆಂಚಿನ ಅಜ್ಜಿಗೂ ಪೂರ್ತಿ ಹಾಡು ಕೇಳಬೇಕಲ್ಲ!

ಮನೆಯಲ್ಲಿ ಪರೀಕ್ಷಿಸಲು ವಿಂಡೋಸ್‌ನ ಧ್ವನಿ ಸೆಟ್ಟಿಂಗಿನಲ್ಲಿ ಟೆಸ್ಟ್ ಬಟನ್ ಇದೆ, ಒಂದೊಂದೇ ಸ್ಪೀಕರಿನಲ್ಲಿ ಸದ್ದು ಬರುತ್ತದೆ. ತಿರುಗಿದ್ದರೆ ಮೊದಲು ಸ್ಪೀಕರುಗಳ ಜಾಗ ನೋಡಿ. ವಾಲ್ಯೂಮ್ ತಿರುಪು ಇರುವ ಸ್ಪೀಕರ್ ಸಾಮಾನ್ಯವಾಗಿ ಬಲಕ್ಕೆಂದು ಮಾಡಿದ್ದು. ಕರೆಂಟ್ ಪ್ಲಗ್ ಎಡಗಡೆ ಇದೆ ಎಂದು ಅದನ್ನು ಎಡಕ್ಕೆ ಇಟ್ಟಿರುತ್ತೇವೆ. ಜಾಗ ಬದಲಿಸಲು ವೈರ್ ಸಾಲದಿದ್ದರೆ, ಕೆಂಪು ಬಿಳಿ ಪಿನ್ ಇರುವ ಸ್ಪೀಕರಿನಲ್ಲಿ ಅವೆರಡನ್ನು ಅದಲುಬದಲು ಮಾಡಿದರೆ ಸಾಕು. ಅದೂ ಇಲ್ಲದಿದ್ದರೆ ವಿಂಡೋಸ್‌ಗೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶ ಇದೆ, ಅದರಲ್ಲಿ ಎಡವನ್ನು ಬಲಕ್ಕೆ, ಬಲವನ್ನು ಎಡಕ್ಕೆ ಕಳಿಸಬಹುದು. ಆಮೇಲೆ ಹೆಡ್‌ಫೋನ್ ಹಾಕಿದಾಗ ಅದನ್ನು ತೆಗೆಯಲು ಮರೆಯಬೇಡಿ, ಇಲ್ಲದಿದ್ದರೆ ಕಾರು ಮತ್ತೆ ಹಿಂದಕ್ಕೆ ಓಡುತ್ತದೆ.