ಹದಿನಾರು ಪೌಂಡು ಹತ್ತು ಶಿಲಿಂಗು

1832ರ ಮೇ 23. ಜಮೈಕಾ ದ್ವೀಪದ ಮಾಂಟೆಗೊ ಬೇ ಪಟ್ಟಣದ ಸಂತೆ ಬಯಲಲ್ಲಿ ಸ್ಯಾಮ್ಯುಯೆಲ್ ಶಾರ್ಪ್ ಎಂಬ ಗುಲಾಮನನ್ನು ಬ್ರಿಟಿಷರು ನೇಣಿಗೆ ಹಾಕಿದರು. ಹಾಕಿ ಆದ ಮೇಲೆ ಒಂದು ಲೆಕ್ಕ ಚುಕ್ತಾ ಮಾಡೋದಿತ್ತು, ಮಾಡಿದರು. 16 ಪೌಂಡು 10 ಶಿಲಿಂಗು. ಸತ್ತವನ ಮನೆಯವರಿಗಲ್ಲ, ಅವನ ಧಣಿಗಳಿಗೆ. ಅವರ ಆಸ್ತಿ ನಷ್ಟ ಆಯ್ತಲ್ಲ, ಅದಕ್ಕೆ ಪರಿಹಾರ!

ಇದನ್ನು ಓದಿದಾಗ ನನಗೆ ನಮ್ಮ ತಾತ ನೆನಪಾದ. ನಮ್ಮ ಮನೇಲಿ ಅಕ್ಷರ ಕಲಿತವರಲ್ಲಿ ನಾನೇ ಮೊದಲಿಗ. ಓದೋಕೆ ಬಂದ ಮೇಲೆ ತಾತನ ಹೆಸರು ಹುಡುಕಿದೆ. ಸಿಕ್ಕಿದ್ದು ಒಬ್ಬ ಸಾಹುಕಾರನ ಸಾಲದ ಪುಸ್ತಕದಲ್ಲಿ. ಬೇರೆಲ್ಲೂ ಅವನಿಲ್ಲ. ಇದು ಜಮೈಕಾದ ಕತೆಗೆ ಸಮ ಅಂತ ಹೇಳ್ತಿಲ್ಲ, ಅಲ್ಲಿ ನಡೆದದ್ದೇ ಬೇರೆ. ಆದರೆ ಧಣಿ ಬರೆದ ಲೆಕ್ಕದಲ್ಲೇ ತನ್ನವರನ್ನು ಹುಡುಕಬೇಕಾದವನ ಕಷ್ಟ ನನಗೆ ಗೊತ್ತು.

ಜಮೈಕಾವನ್ನು ಇಂಗ್ಲಿಷರು 1655ರಲ್ಲಿ ಸ್ಪೇನಿನವರಿಂದ ಕಿತ್ತುಕೊಂಡರು. ನೂರು ವರ್ಷದೊಳಗೆ ಅದು ಕಬ್ಬಿನ ದ್ವೀಪ ಆಯಿತು. ಯುರೋಪಿನ ಟೀ ಕಾಫಿಗೆ ಸಿಹಿ ಬೇಕು, ಸಿಹಿಗೆ ಕಬ್ಬು ಬೇಕು, ಕಬ್ಬಿಗೆ ಆಳು ಬೇಕು. ಆಳನ್ನು ಆಫ್ರಿಕದಿಂದ ಹಡಗಲ್ಲಿ ತುಂಬಿ ತಂದರು. ಅಟ್ಲಾಂಟಿಕ್ ದಾಟಿಸೋಕೆ ಹಡಗು ಹತ್ತಿಸಿದ ಆಫ್ರಿಕನ್ನರು ಒಟ್ಟು ಸುಮಾರು 1 ಕೋಟಿ 25 ಲಕ್ಷ. ಆಚೆ ದಡದಲ್ಲಿ ಜೀವಂತ ಇಳಿದವರು ಸುಮಾರು 1 ಕೋಟಿ 7 ಲಕ್ಷ. ಜಮೈಕಾ ಒಂದರಲ್ಲೇ ಇಳಿದವರು ಸುಮಾರು 10 ಲಕ್ಷ. ಕೆಲವರನ್ನು ಅಲ್ಲಿಂದ ಬೇರೆ ಕಡೆಗೆ ಮಾರಿದರು, ನಿಜ. ಆದರೂ 1834ರಲ್ಲಿ, ಅಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ ತಲೆ ಎಣಿಸಿದರೆ, ಇದ್ದ ಗುಲಾಮರು ಸುಮಾರು 3 ಲಕ್ಷ 11 ಸಾವಿರ. ಉಳಿದವರು ಎಲ್ಲಿ? ಕಬ್ಬಿನ ಬುಡದಲ್ಲಿ.

ಆಲೆಮನೆ ಕಂಡವರಿಗೆ ಇದು ಬೇಗ ಅರ್ಥ ಆಗ್ತದೆ. ಕಡಿದ ಕಬ್ಬನ್ನು ಬೇಗ ಅರೆಯದಿದ್ದರೆ ಹಾಲು ಹುಳಿಯಾಗ್ತದೆ. ಅದಕ್ಕೇ ಸುಗ್ಗಿಯ ನಾಲ್ಕೈದು ತಿಂಗಳು ಗಾಣ ಹಗಲೂ ರಾತ್ರಿ ತಿರುಗಬೇಕು. ಬೆಳಕು ಹರಿಯೋಕೆ ಮೊದಲೇ ಶಂಖ ಊದೋರು. ಹಗಲು ಹೊಲದಲ್ಲಿ ದುಡಿದವರೇ ಪಾಳಿ ಪ್ರಕಾರ ರಾತ್ರಿ ಗಾಣಕ್ಕೂ ಬರಬೇಕು. ನಿದ್ದೆಗಣ್ಣಲ್ಲಿ ಗಾಣಕ್ಕೆ ಕಬ್ಬು ಕೊಡುವಾಗ ಬೆರಳು ಸಿಕ್ಕಿತು ಅಂದರೆ ತೋಳೇ ಒಳಕ್ಕೆ. ಗಾಣ ನಿಲ್ಲಿಸುವಷ್ಟು ಹೊತ್ತಿರೋದಿಲ್ಲ. ಅದಕ್ಕೆ ಪಕ್ಕದಲ್ಲೇ ಒಂದು ಕೊಡಲಿ ಇಟ್ಟಿರೋರು, ತೋಳು ಕಡಿಯೋಕೆ. ಗಾಣದ ಸಾಮಾನುಗಳಲ್ಲಿ ಅದೂ ಒಂದು ಸಾಮಾನು.

ಹೊಲದಲ್ಲಿ ಆಳುಗಳದ್ದು ಮೂರು ಗುಂಪು. ಗಟ್ಟಿಮುಟ್ಟಾದವರದ್ದು ಮೊದಲ ಗುಂಪು: ಗುಣಿ ತೋಡೋದು, ಗೊಬ್ಬರ ಹೊರೋದು, ಕಬ್ಬು ಕಡಿಯೋದು. ಬರಬರುತ್ತಾ ಇದರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚಾದರು. ಬಡಗಿ, ಕಮ್ಮಾರ, ಪೀಪಾಯಿ ಮಾಡುವವ, ಕೊಪ್ಪರಿಗೆ ನೋಡುವವ ಎಲ್ಲ ಗಂಡಸು. ಗುದ್ದಲಿ ಮಾತ್ರ ಹೆಣ್ಣಿಗೆ. ಎರಡನೆಯದು ಬಲ ಕಡಿಮೆ ಇದ್ದವರದ್ದು. ಮೂರನೆಯದು ಮಕ್ಕಳದ್ದು, ಕಳೆ ಕೀಳೋಕೆ, ಹುಲ್ಲು ತರೋಕೆ. ಎಲ್ಲರ ಬೆನ್ನ ಹಿಂದೆಯೂ ಚಾಟಿ ಹಿಡಿದ ಮೇಸ್ತ್ರಿ.

ಇದನ್ನೆಲ್ಲ ಬರೆದಿಟ್ಟವರು ಯಾರು? ಹೊಡೆದವರೇ. ಥಾಮಸ್ ಥಿಸಲ್‌ವುಡ್ ಎಂಬ ಇಂಗ್ಲಿಷ್ ರೈತನ ಮಗ 1750ರಲ್ಲಿ ಜಮೈಕಾಕ್ಕೆ ಬಂದ. ತೋಟದ ಮೇಲ್ವಿಚಾರಕನಾದ, ಆಮೇಲೆ ತಾನೇ ಧಣಿಯಾದ. 1786ರಲ್ಲಿ ಸಾಯೋವರೆಗೂ ದಿನಚರಿ ಬರೆದ. ಹತ್ತು ಸಾವಿರಕ್ಕೂ ಹೆಚ್ಚು ಪುಟ. ಮಳೆ ಎಷ್ಟು, ಸಕ್ಕರೆ ಎಷ್ಟು, ಏಟು ಎಷ್ಟು, ಎಲ್ಲ ಒಂದೇ ಸ್ವರದಲ್ಲಿ. ಡಾರ್ಬಿ ಎಂಬ ಗುಲಾಮ ಹಸಿವಿಗೆ ಕಬ್ಬು ಮುರಿದು ತಿಂದ. ತಾನೇ ನೆಟ್ಟ ಕಬ್ಬು! 1756ರಲ್ಲಿ ಅವನಿಗೆ ಚಾಟಿಯಲ್ಲಿ ಹೊಡೆಸಿ, ಇನ್ನೊಬ್ಬ ಗುಲಾಮನಿಂದ ಅವನ ಬಾಯಿಗೆ ಹೇಲಿಸಿದ. ಓಡಿಹೋಗಿ ಸಿಕ್ಕಿದವರ ಗಾಯಕ್ಕೆ ಉಪ್ಪುನೀರು ಉಜ್ಜಿಸಿದ. ಹೆಂಗಸರ ಮೇಲೆ ಬಿದ್ದ ಲೆಕ್ಕವನ್ನು ಲ್ಯಾಟಿನ್ನಿನಲ್ಲಿ ಬರೆದ. ಇತಿಹಾಸಕಾರರು ಅದನ್ನೂ ಎಣಿಸಿದ್ದಾರೆ: 138 ಹೆಂಗಸರು, 3,852 ಸಲ. ಹೆಚ್ಚುಕಮ್ಮಿ ಎಲ್ಲರೂ ಗುಲಾಮರು. ಇಂಥವನು ಪುಸ್ತಕ ತರಿಸಿ ಓದುತ್ತಿದ್ದ, ಹೂದೋಟ ಬೆಳೆಸಿದ್ದ. ವಿದ್ಯೆ ಮನುಷ್ಯನನ್ನು ಮೃದು ಮಾಡ್ತದೆ ಅಂತ ಮಕ್ಕಳಿಗೆ ಹೇಳುವ ಮೇಷ್ಟ್ರುಗಳು ಇದನ್ನು ಒಮ್ಮೆ ನೋಡಬೇಕು.

ಆದರೆ ಅದೇ ಲೆಕ್ಕದ ಪುಸ್ತಕಗಳಲ್ಲಿ ಧಣಿಗೆ ಗೊತ್ತಿಲ್ಲದೆ ಇನ್ನೇನೋ ಉಳಿದುಬಿಟ್ಟಿದೆ. ದನಗಳ ಪಟ್ಟಿಯ ಪಕ್ಕದಲ್ಲೇ ಗುಲಾಮರ ಪಟ್ಟಿ ಇರ್ತದೆ, ಹೆಸರು, ಬೆಲೆ ಸಮೇತ. ಸೀಸರ್, ಲಂಡನ್ ಅಂತೆಲ್ಲ ಧಣಿಗಳು ತಮಾಷೆಗೆ ಇಟ್ಟ ಹೆಸರುಗಳ ನಡುವೆ ಕ್ವಾಶಿ, ಕಜೋ, ಕ್ವಾಕೊ, ಕಫಿ, ಫಿಬಾ ಅಂತ ಬರ್ತವೆ. ಇವು ಪಶ್ಚಿಮ ಆಫ್ರಿಕದ ಅಕಾನ್ ಜನರ ಹೆಸರುಗಳು, ಹುಟ್ಟಿದ ವಾರದ ಮೇಲೆ ಇಡೋದು. ಕ್ವಾಶಿ ಭಾನುವಾರ ಹುಟ್ಟಿದವನು, ಕಜೋ ಸೋಮವಾರದವನು, ಫಿಬಾ ಶುಕ್ರವಾರದವಳು. ಸೋಮ, ಮಂಗಳಿ ಅಂತ ನಮ್ಮ ಕೇರಿಗಳಲ್ಲಿ ಇಟ್ಟ ಹಾಗೆ. ಸಾಗರ ದಾಟುವಾಗ ಮೈಮೇಲೆ ಬಟ್ಟೆ ಇರಲಿಲ್ಲ, ವಾರ ಮಾತ್ರ ನೆನಪಲ್ಲಿತ್ತು.

ಇನ್ನೊಂದು, ಅವರ ಕಾಡುಹೊಲ. ಗುಲಾಮರಿಗೆ ಊಟ ಹಾಕುವ ಖರ್ಚು ಉಳಿಸೋಕೆ ಧಣಿಗಳು ಕಬ್ಬು ಬೆಳೆಯದ ಗುಡ್ಡದ ತುಂಡು ನೆಲ ಕೊಟ್ಟರು, ಬೆಳೆದುಕೊಂಡು ತಿನ್ನಿ ಅಂತ. ಸಿಕ್ಕ ಬಿಡುವಿನಲ್ಲಿ ಅಲ್ಲಿ ಗೆಣಸು, ಬಾಳೆ ಬೆಳೆದು, ಕೋಳಿ ಸಾಕಿ, ಭಾನುವಾರ ಹೆಂಗಸರು ತಲೆ ಮೇಲೆ ಹೊತ್ತು ಸಂತೆಗೆ ಹೋದರು. ಬಿಳಿಯರೂ ಆ ಸಂತೆಯಿಂದಲೇ ಉಂಡರು. ಥಿಸಲ್‌ವುಡ್ ಇಟ್ಟುಕೊಂಡಿದ್ದ ಫಿಬಾ ಎಂಬ ಗುಲಾಮ ಹೆಂಗಸು ಹೀಗೆ ದುಡ್ಡು ಮಾಡಿ ಅವನಿಗೇ ಸಾಲ ಕೊಟ್ಟಿದ್ದಾಳೆ. ಅವಳಿಗೆ ಬಿಡುಗಡೆ ಸಿಕ್ಕಿದ್ದು ಮಾತ್ರ ಅವನು ಸತ್ತ ಮೇಲೆ.

ಈಗ ಶಾರ್ಪ್‌ನ ಮಾತಿಗೆ ಬರೋಣ. ಅವನು ಬ್ಯಾಪ್ಟಿಸ್ಟ್ ಚರ್ಚಿನ ಧರ್ಮಸೇವಕ. ಎಲ್ಲಕ್ಕಿಂತ ಮುಖ್ಯ, ಅವನಿಗೆ ಓದೋಕೆ ಬರ್ತಿತ್ತು. ಗುಲಾಮಗಿರಿ ಇರಬೇಕೋ ಬೇಡವೋ ಅಂತ ಬ್ರಿಟನ್ನಿನಲ್ಲಿ ಚರ್ಚೆ ನಡೀತಿರೋದನ್ನು ಪತ್ರಿಕೆಯಲ್ಲಿ ಓದಿ, ಪ್ರಾರ್ಥನೆಗೆ ಕೂತವರಿಗೆ ಹೇಳಿದ. ಅವನ ಯೋಜನೆ ಸರಳ: 1831ರ ಕ್ರಿಸ್‌ಮಸ್ ರಜೆ ಮುಗಿದ ಮೇಲೆ ಕೂಲಿ ಕೊಡದೆ ಯಾರೂ ಕಬ್ಬಿಗೆ ಕೈ ಹಾಕಬಾರದು. ಸುಗ್ಗಿಯ ಬಾಗಿಲಲ್ಲೇ ಮುಷ್ಕರ! ಆದರೆ ಡಿಸೆಂಬರ್ 27ರ ರಾತ್ರಿ ಕೆನ್ಸಿಂಗ್‌ಟನ್ ತೋಟಕ್ಕೆ ಬೆಂಕಿ ಬಿತ್ತು, ಅಲ್ಲಿಂದ ತೋಟ ತೋಟಕ್ಕೂ ಹಬ್ಬಿತು. ಸುಮಾರು 60 ಸಾವಿರ ಗುಲಾಮರು ಎದ್ದರು ಅಂತಾರೆ. ಅಷ್ಟು ಜನ ಎದ್ದರೂ ಸತ್ತ ಬಿಳಿಯರು 14 ಮಂದಿ. ಪ್ರತಿಯಾಗಿ ಸೈನ್ಯ ಕೊಂದದ್ದು 200ಕ್ಕೂ ಹೆಚ್ಚು, ಆಮೇಲೆ ವಿಚಾರಣೆಯ ನಾಟಕ ಮಾಡಿ ಕೊಂದದ್ದು 300ಕ್ಕೂ ಹೆಚ್ಚು. ಕೊನೆಗೆ ಶಾರ್ಪ್.

ಇನ್ನು ಇವರನ್ನು ಹಿಡಿದಿಡೋಕೆ ಆಗೋದಿಲ್ಲ ಅಂತ ಬ್ರಿಟನ್ನಿಗೆ ಗೊತ್ತಾಯ್ತು. 1833ರಲ್ಲಿ ಕಾನೂನು ಬಂತು. 1834ರ ಆಗಸ್ಟ್ 1ಕ್ಕೆ ಗುಲಾಮಗಿರಿ ರದ್ದು, ಆದರೆ 'ತರಬೇತಿ' ಅನ್ನೋ ಹೆಸರಲ್ಲಿ ಬಿಟ್ಟಿ ದುಡಿಮೆ 1838ರವರೆಗೂ ಮುಂದುವರೀತು. ಪರಿಹಾರ? 2 ಕೋಟಿ ಪೌಂಡು, ಆಗಿನ ಬ್ರಿಟಿಷ್ ಸರ್ಕಾರದ ವರ್ಷದ ಖರ್ಚಿನ ನೂರಕ್ಕೆ ನಲವತ್ತು ಪಾಲು. ಪೂರ್ತಿ ಧಣಿಗಳಿಗೆ. ಗುಲಾಮನಿಗೆ ಒಂದು ಪೆನ್ನಿ ಇಲ್ಲ. ಇದಕ್ಕೆ ಮಾಡಿದ ಸಾಲ ತೀರಿದ್ದು ಯಾವಾಗ ಗೊತ್ತೆ? 2015ರಲ್ಲಿ. ಎರಡನೇ ಮಹಾಯುದ್ಧದ ನಂತರ ಜಮೈಕಾದಿಂದ ಲಂಡನ್ನಿಗೆ ದುಡಿಯೋಕೆ ಹೋದ ಕರಿಯರು ಕಟ್ಟಿದ ತೆರಿಗೆಯೂ ಅದರಲ್ಲಿ ಸೇರಿದೆ. ಮುತ್ತಜ್ಜನನ್ನು ಕೊಂಡವನಿಗೆ ಮರಿಮಕ್ಕಳಿಂದ ಕಂತು.

ಆ ಹಣದಲ್ಲಿ ದೊಡ್ಡ ಪಾಲು ತಗೊಂಡವರಲ್ಲಿ ಒಬ್ಬ ಜಾನ್ ಗ್ಲ್ಯಾಡ್‌ಸ್ಟನ್, ಮುಂದೆ ಪ್ರಧಾನಿಯಾದ ವಿಲಿಯಂ ಗ್ಲ್ಯಾಡ್‌ಸ್ಟನ್ನನ ಅಪ್ಪ. 2,508 ಗುಲಾಮರಿಗೆ 1,06,769 ಪೌಂಡು. ಜಮೈಕಾದಲ್ಲೂ ದಕ್ಷಿಣ ಅಮೆರಿಕದ ಬ್ರಿಟಿಷ್ ಗಯಾನಾದಲ್ಲೂ ಅವನ ತೋಟಗಳಿದ್ದವು. ಬಿಡುಗಡೆಯಾದವರು ಇನ್ನು ಅಗ್ಗಕ್ಕೆ ದುಡಿಯೋದಿಲ್ಲ ಅಂತ ಲೆಕ್ಕ ಹಾಕಿ ಅವನು ಮೊದಲೇ, 1836ರಲ್ಲಿ, ಕಲ್ಕತ್ತೆಯ ಕಂಪನಿಗೆ ಆಳು ಬೇಕು ಅಂತ ಕಾಗದ ಬರೆದಿದ್ದ. 1838ರ ಮೇ ತಿಂಗಳಲ್ಲಿ ಎರಡು ಹಡಗುಗಳು ಸುಮಾರು 400 ಭಾರತೀಯರನ್ನು ಗಯಾನಾದಲ್ಲಿ ಇಳಿಸಿದವು. ಅವರಲ್ಲಿ ಅನೇಕರು ಛೋಟಾ ನಾಗಪುರದ ಬೆಟ್ಟದ ಆದಿವಾಸಿಗಳು. ಐದು ವರ್ಷದ ಕರಾರು.

ಒಂದು ವರ್ಷದೊಳಗೆ ಗ್ಲ್ಯಾಡ್‌ಸ್ಟನ್ನನ ವ್ರೀಡ್-ಎನ್-ಹೂಪ್ ತೋಟದಲ್ಲಿ ಈ ಕೂಲಿಗಳು ತಪ್ಪಿಸಿಕೊಂಡು ಓಡಿದರು. ಹಿಡಿದು ತಂದು, ಮನೆಯ ಕಂಬಕ್ಕೆ ಕಟ್ಟಿ ಹೊಡೆದರು. ಹೊಡೆದ ಬೆನ್ನಿಗೆ ಉಪ್ಪುನೀರು ಉಜ್ಜಿದರು. 1839ರಲ್ಲಿ ವಿಚಾರಣೆ ನಡೆದಾಗ, ಇದನ್ನು ಕಣ್ಣಾರೆ ಕಂಡೆ ಅಂತ ಎದ್ದು ನಿಂತು ಸಾಕ್ಷಿ ಹೇಳಿದವಳು ಅದೇ ತೋಟದ ಒಬ್ಬ ಕರಿಯ ಹೆಂಗಸು. ಕಾಗದದಲ್ಲಿ ಅವಳ ಹೆಸರಿದೆ: ಎಲಿಜಬೆತ್ ಸೀಸರ್.