ಮನೆಮಟ್ಟದ ಗ್ಯಾಸ್ ಡ್ರೈಯರ್: ಸುರಕ್ಷಿತ ಬಳಕೆ ಹಾಗೂ ನಿರ್ವಹಣೆ

ಮಲೆನಾಡು ಮತ್ತು ಕೊಡಗಿನ ತೋಟಗಳಲ್ಲಿ ಏಲಕ್ಕಿಯ ಕೊಯ್ಲು ಮಳೆ ನಿಲ್ಲುವ ಮೊದಲೇ ಆರಂಭವಾಗುತ್ತದೆ. ಅಡಿಕೆಯ ಮೊದಲ ಕೊಯ್ಲು ಕೂಡ ಅನೇಕ ವರ್ಷಗಳಲ್ಲಿ ಮಳೆಗೆ ಸಿಲುಕುತ್ತದೆ. ಅಂಗಳದ ಬಿಸಿಲನ್ನು ನಂಬಿ ಕುಳಿತರೆ ಬೂಷ್ಟು ತಪ್ಪಿದ್ದಲ್ಲ. ಸೌದೆಯ ಗೂಡಿನಲ್ಲಿ ಒಣಗಿಸಿದರೆ ಹೊಗೆಯ ವಾಸನೆ, ಮೇಲಾಗಿ ಸೌದೆ ಮತ್ತು ಆಳುಗಳ ಕೊರತೆ. ಈ ಕಾರಣಗಳಿಂದ ಎಲ್‌ಪಿಜಿಯಿಂದ ನಡೆಯುವ ಸಣ್ಣ ಡ್ರೈಯರ್‌ಗಳು ರೈತರ ಮನೆಯಂಗಳಕ್ಕೆ ಬಂದಿವೆ. ಉತ್ಪನ್ನದ ಗುಣಮಟ್ಟದ ದೃಷ್ಟಿಯಿಂದ ಇದು ಸ್ವಾಗತಾರ್ಹ ಬದಲಾವಣೆ. ಆದರೆ ಅಡುಗೆ ಒಲೆಯಂತೆ ಕೆಲವು ನಿಮಿಷ ಉರಿದು ಆರುವ ಯಂತ್ರ ಇದಲ್ಲ. ಹಗಲಿರುಳು, ಹಲವು ಗಂಟೆಗಳ ಕಾಲ, ಬಹುತೇಕ ಯಾರೂ ನೋಡದಿರುವಾಗ ಉರಿಯುವಂಥದ್ದು. ಆದ್ದರಿಂದ ಇದರ ಅಪಾಯಗಳೂ ಬೇರೆ ಬಗೆಯವು.

ಅನಿಲದ ಗುಣ ಮತ್ತು ಬೇಕಾಗುವ ಗಾಳಿ

ಎಲ್‌ಪಿಜಿ ಎಂಬುದು ಪ್ರೊಪೇನ್ ಮತ್ತು ಬ್ಯೂಟೇನ್ ಅನಿಲಗಳ ಮಿಶ್ರಣ. ಇದು ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ. ಸೋರಿದ ಅನಿಲ ಮೇಲಕ್ಕೇರಿ ಚದುರುವುದಿಲ್ಲ; ನೀರಿನಂತೆ ತಗ್ಗಿಗೆ ಹರಿದು ಅಲ್ಲಿಯೇ ನಿಲ್ಲುತ್ತದೆ. ಗಾಳಿಯಲ್ಲಿ ಇದರ ಪ್ರಮಾಣ ಶೇ 2ರ ಆಸುಪಾಸಿಗೆ ಬಂದರೆ ಒಂದು ಕಿಡಿ ಸಾಕು. ಇಳಿಜಾರಿನಲ್ಲಿ ಕಟ್ಟಿದ ಮಲೆನಾಡಿನ ಮನೆಗಳಲ್ಲಿ ಕೊಟ್ಟಿಗೆ, ಬಚ್ಚಲು, ಗೊಬ್ಬರದ ಗುಂಡಿ ಮನೆಗಿಂತ ಕೆಳಮಟ್ಟದಲ್ಲಿರುವುದು ಸಾಮಾನ್ಯ. ಮೇಲಿನ ಶೆಡ್ಡಿನಲ್ಲಿ ಸೋರಿದ ಅನಿಲಕ್ಕೆ ಕೆಳಗಿನ ಬಚ್ಚಲ ಒಲೆಯ ಕೆಂಡ ತಗುಲುವ ಸಾಧ್ಯತೆಯನ್ನು ಜಾಗ ಗೊತ್ತುಮಾಡುವಾಗಲೇ ಆಲೋಚಿಸಬೇಕು. ಸಿಲಿಂಡರನ್ನು ನೆಲಮಟ್ಟಕ್ಕಿಂತ ಕೆಳಗೆ, ಚರಂಡಿಯ ಬಾಯಿಯ ಹತ್ತಿರ ಇಡಲೇಬಾರದು.

ಒಂದು ಕೆ.ಜಿ. ಎಲ್‌ಪಿಜಿ ಪೂರ್ಣವಾಗಿ ಉರಿಯಲು ಸುಮಾರು 12 ಘನ ಮೀಟರ್ ಗಾಳಿ ಬೇಕು. ಉರಿದ ಮೇಲೆ ಸುಮಾರು 3 ಕೆ.ಜಿ. ಇಂಗಾಲದ ಡೈಆಕ್ಸೈಡ್ ಮತ್ತು ಸುಮಾರು 1.6 ಕೆ.ಜಿ. ನೀರಾವಿ ಹೊರಬರುತ್ತದೆ. ಈ ನೀರಾವಿಯ ವಿಷಯ ಹಲವರ ಗಮನಕ್ಕೆ ಬಂದಿಲ್ಲ. ಮುಚ್ಚಿದ ಕೋಣೆಯಲ್ಲಿ ಡ್ರೈಯರ್ ನಡೆಸಿದರೆ ಬೆಳೆಯಿಂದ ಹೊರಟ ತೇವ, ಅನಿಲದಿಂದ ಹುಟ್ಟಿದ ತೇವ ಎರಡೂ ಒಳಗೇ ಸುತ್ತುತ್ತವೆ. ಅನಿಲ ಖರ್ಚಾಗುತ್ತದೆ, ಏಲಕ್ಕಿ ಮಾತ್ರ ಒಣಗುವುದಿಲ್ಲ. ಆಗ ರೈತರು ಉರಿ ಹೆಚ್ಚಿಸುತ್ತಾರೆ. ಕಾಯಿಯ ಹಸಿರು ಬಣ್ಣ ಹೋಗುತ್ತದೆ. ಗಾಳಿಯಾಡುವ ವ್ಯವಸ್ಥೆ ಜೀವರಕ್ಷಣೆಗೆ ಎಷ್ಟು ಅಗತ್ಯವೋ ಉತ್ಪನ್ನದ ಬಣ್ಣಕ್ಕೂ ಅಷ್ಟೇ ಅಗತ್ಯ.

ಎಷ್ಟು ಅನಿಲ ಬೇಕಾದೀತು ಎಂಬ ಅಂದಾಜು ಮೊದಲೇ ಇರಲಿ. 100 ಕೆ.ಜಿ. ಹಸಿ ಏಲಕ್ಕಿಯಲ್ಲಿ ಶೇ 80ರಷ್ಟು ತೇವಾಂಶವಿದ್ದು ಅದನ್ನು ಶೇ 10ಕ್ಕೆ ಇಳಿಸಬೇಕಾದರೆ ಸುಮಾರು 78 ಕೆ.ಜಿ. ನೀರು ಆವಿಯಾಗಬೇಕು. ಉಷ್ಣವೆಲ್ಲವೂ ವ್ಯರ್ಥವಾಗದೆ ಬಳಕೆಯಾದರೂ ಇದಕ್ಕೆ 4 ಕೆ.ಜಿ. ಎಲ್‌ಪಿಜಿ ಬೇಕು, ಯಂತ್ರದ ದಕ್ಷತೆ ಶೇ 50 ಎಂದಾದರೆ 8 ಕೆ.ಜಿ. ಇದಕ್ಕಿಂತ ಬಹಳ ಹೆಚ್ಚು ಖರ್ಚಾಗುತ್ತಿದ್ದರೆ ಸೋರಿಕೆ, ಮುಚ್ಚಿದ ಜಾಲರಿ ಅಥವಾ ಕೆಟ್ಟ ಉರಿ ಇವುಗಳಲ್ಲಿ ಒಂದು ಇದೆ ಎಂದು ತಿಳಿದು ಪರೀಕ್ಷಿಸತಕ್ಕದ್ದು. ಪ್ರತಿ ಒಬ್ಬೆಗೆ ಎಷ್ಟು ಅನಿಲ ಹೋಯಿತೆಂದು ಗೋಡೆಯ ಮೇಲೆ ಬರೆದಿಡುವ ರೂಢಿ ಒಳ್ಳೆಯದು.

ಇಂಗಾಲದ ಮಾನಾಕ್ಸೈಡ್: ಕಾಣದ ವಿಷ

ಈ ಲೇಖನದಲ್ಲಿ ಒಂದೇ ಭಾಗವನ್ನು ಓದಲು ಸಮಯವಿದ್ದರೆ ಇದನ್ನು ಓದಿರಿ.

ಮಳೆಗಾಲದ ರಾತ್ರಿಗಳಲ್ಲಿ ಡ್ರೈಯರ್ ಇರುವ ಕೋಣೆ ಮನೆಯಲ್ಲೇ ಅತ್ಯಂತ ಬೆಚ್ಚಗಿನ ಜಾಗ. ಬೆಲೆಬಾಳುವ ಏಲಕ್ಕಿಯನ್ನು ಕಾಯಬೇಕೆಂಬ ಕಾರಣವೂ ಸೇರಿ ಮನೆಯ ಯಜಮಾನರೋ ಕೆಲಸದವರೋ ಅಲ್ಲಿಯೇ ಚಾಪೆ ಹಾಸಿ ಮಲಗುವುದುಂಟು. ಚಳಿಗಾಳಿ ಬಾರದಿರಲೆಂದು ಬಾಗಿಲಿನ ಸಂದಿಗೆ ಗೋಣಿಚೀಲ ತುರುಕುವುದೂ ಉಂಟು. ಅಗ್ಗಿಷ್ಟಿಕೆಯಲ್ಲಿ ಇಜ್ಜಲು ಹಾಕಿ ಬಾಗಿಲು ಮುಚ್ಚಿ ಮಲಗಿದವರು ಬೆಳಿಗ್ಗೆ ಏಳದೆ ಹೋದ ಪ್ರಸಂಗಗಳನ್ನು ನಾವೆಲ್ಲ ಕೇಳಿದ್ದೇವೆ. ಗಾಳಿ ಸಾಲದ ಎಲ್‌ಪಿಜಿ ಬರ್ನರ್ ಉಂಟುಮಾಡುವುದು ಅದೇ ವಿಷವನ್ನು.

ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣುರಿಯೂ ಇಲ್ಲ. ಸೋರಿಕೆ ತಿಳಿಯಲೆಂದು ಎಲ್‌ಪಿಜಿಗೆ ಸೇರಿಸುವ ಮರ್‌ಕ್ಯಾಪ್ಟನ್ ಉರಿಯಲ್ಲಿ ಸುಟ್ಟುಹೋಗುವುದರಿಂದ ಆ ವಾಸನೆಯೂ ಇಲ್ಲಿ ನೆರವಿಗೆ ಬಾರದು. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ತಲೆಸುತ್ತು, ವಾಕರಿಕೆ. ಅನಂತರ ಗೊಂದಲ, ಕೈಕಾಲು ಸೋಲುವುದು, ಪ್ರಜ್ಞೆ ತಪ್ಪುವುದು. ನಿದ್ರೆಯಲ್ಲಿರುವವರಿಗೆ ಈ ಮುನ್ಸೂಚನೆಗಳೇ ತಿಳಿಯುವುದಿಲ್ಲ. ಡ್ರೈಯರ್ ಕೋಣೆಯಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಏಕಕಾಲಕ್ಕೆ ತಲೆನೋವು ಬಂದು, ಹೊರಗೆ ಹೋದಾಗ ಕಡಿಮೆಯಾದರೆ ಅದನ್ನು ನೆಗಡಿ ಎಂದು ಭಾವಿಸದೆ ಯಂತ್ರವನ್ನು ನಿಲ್ಲಿಸಬೇಕು.

ಆದುದರಿಂದ ಡ್ರೈಯರ್ ಇರುವ ಕೋಣೆಯಲ್ಲಿ, ಅದಕ್ಕೆ ಬಾಗಿಲು ಹೊಂದಿದ ಕೋಣೆಯಲ್ಲಿ ಅಥವಾ ಅದರ ಮೇಲಿನ ಅಟ್ಟದಲ್ಲಿ ಯಾರೂ ಮಲಗಬಾರದು. ಇದಕ್ಕೆ ವಿನಾಯಿತಿ ಇಲ್ಲ. ಕಾವಲು ಅನಿವಾರ್ಯವಾದರೆ ಹೊರಗಿನ ಜಗುಲಿಯಲ್ಲಿ ಮಲಗಿ, ಗಡಿಯಾರದ ಅಲಾರಂ ಇಟ್ಟುಕೊಂಡು ಎದ್ದು ನೋಡುವುದು ಲೇಸು. ಎದುರುಬದುರು ಗೋಡೆಗಳಲ್ಲಿ, ನೆಲಕ್ಕೆ ಹತ್ತಿಕೊಂಡಂತೆ ಒಂದು ಮತ್ತು ಸೂರಿನ ಕೆಳಗೆ ಒಂದು, ಮುಚ್ಚಲಾಗದ ಜಾಲರಿ ಕಿಂಡಿಗಳಿರಲಿ. ಇಂಗಾಲದ ಮಾನಾಕ್ಸೈಡ್ ಸೂಚಕ ಮತ್ತು ಎಲ್‌ಪಿಜಿ ಸೋರಿಕೆ ಸೂಚಕ ಇವೆರಡೂ ಬೇರೆ ಬೇರೆ ಉಪಕರಣಗಳು; ಒಂದು ಮತ್ತೊಂದರ ಕೆಲಸ ಮಾಡುವುದಿಲ್ಲ. ಮೊದಲನೆಯದನ್ನು ಉಸಿರಾಡುವ ಎತ್ತರದಲ್ಲಿ, ಎರಡನೆಯದನ್ನು ನೆಲದ ಸಮೀಪದಲ್ಲಿ ಅಳವಡಿಸಬೇಕು.

ಯಾರಾದರೂ ಕೋಣೆಯಲ್ಲಿ ಬಿದ್ದಿರುವುದು ಕಂಡರೆ ಒಬ್ಬರೇ ಒಳನುಗ್ಗಬಾರದು. ಹೊರಗಿನಿಂದ ಬಾಗಿಲು ಕಿಟಕಿ ತೆರೆದು, ಇನ್ನೊಬ್ಬರನ್ನು ಕರೆದು, ಬೇಗನೆ ಹೊರಗೆಳೆದು ತಂದು 108ಕ್ಕೆ ಕರೆ ಮಾಡಿರಿ. ಎಚ್ಚರಗೊಂಡರೂ ಆಸ್ಪತ್ರೆಗೆ ಕರೆದೊಯ್ಯಬೇಕು. ಗ್ಯಾಸ್ ಉರಿಯುತ್ತಿದ್ದ ಕೋಣೆಯಲ್ಲಿದ್ದರು ಎಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಿರಿ.

ಉರಿಯ ಬಣ್ಣ ಮತ್ತು ಬರ್ನರ್

ಸರಿಯಾದ ಉರಿ ನೀಲಿ, ಸ್ಥಿರ. ಹಳದಿ ತುದಿ, ಓಲಾಡುವ ನಾಲಗೆ, ಟ್ರೇಗಳ ತಳದಲ್ಲಿ ಮಸಿ ಇವು ಗಾಳಿ ಸಾಲದಿರುವುದರ ಲಕ್ಷಣ. ವರ್ಷದಲ್ಲಿ ಹಲವು ತಿಂಗಳು ಸುಮ್ಮನೆ ನಿಂತಿರುವ ಯಂತ್ರದ ಗಾಳಿಕಿಂಡಿಗಳಲ್ಲಿ ಜೇಡ ಬಲೆ ಕಟ್ಟುತ್ತದೆ, ಕುಂಬಾರ ಹುಳು ಮಣ್ಣಿನ ಗೂಡು ಮಾಡುತ್ತದೆ. ಪ್ರತಿ ಹಂಗಾಮಿನ ಮೊದಲು ಬರ್ನರನ್ನು ಬಿಚ್ಚಿಸಿ ಮೃದುವಾದ ಕುಂಚದಿಂದ ಶುಚಿಗೊಳಿಸಬೇಕು. ಜೆಟ್ಟಿನ ರಂಧ್ರಕ್ಕೆ ತಂತಿ ಅಥವಾ ದಬ್ಬಣ ಹಾಕಿ ಕೆದಕಬಾರದು. ರಂಧ್ರ ಒಂದಿಷ್ಟು ಅಗಲವಾದರೂ ಅನಿಲ ಅಗತ್ಯಕ್ಕಿಂತ ಹೆಚ್ಚು ಬಂದು ಉರಿ ಹಳದಿಯಾಗುತ್ತದೆ.

ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಅದನ್ನೇ ಡ್ರೈಯರಿಗೆ ಜೋಡಿಸಬಹುದೇ ಎಂದು ಕೇಳುವವರಿದ್ದಾರೆ. ಗೋಬರ್ ಗ್ಯಾಸಿನಲ್ಲಿ ಮೀಥೇನ್ ಸುಮಾರು ಶೇ 55ರಿಂದ 60, ಉಳಿದುದರಲ್ಲಿ ಹೆಚ್ಚಿನದು ಉರಿಯದ ಇಂಗಾಲದ ಡೈಆಕ್ಸೈಡ್. ಎಲ್‌ಪಿಜಿಯ ಜೆಟ್ಟಿನಲ್ಲಿ ಇದು ಸರಿಯಾಗಿ ಉರಿಯದು. ಜೆಟ್ಟನ್ನು ಕೊರೆದು ದೊಡ್ಡದು ಮಾಡಿ, ಗೋಬರ್ ಗ್ಯಾಸ್ ಸಾಲದಾದಾಗ ಮತ್ತೆ ಸಿಲಿಂಡರ್ ಜೋಡಿಸಿದರೆ ಪರಿಣಾಮ ಘೋರ. ಪ್ರತ್ಯೇಕ ಬರ್ನರ್ ಇಲ್ಲದೆ ಇದಕ್ಕೆ ಕೈಹಾಕಬೇಡಿರಿ.

ವಿದ್ಯುತ್ ಹೋದಾಗ

ಮಳೆಗಾಲದಲ್ಲಿ ವಿದ್ಯುತ್ ಕಡಿತ ನಮಗೆ ಹೊಸತಲ್ಲ. ಬ್ಲೋವರ್ ನಿಂತು ಬರ್ನರ್ ಉರಿಯುತ್ತಲೇ ಇದ್ದರೆ ಕೆಳಗಿನ ಟ್ರೇಯ ಬೆಳೆ ಸುಟ್ಟು ಬೆಂಕಿ ಹತ್ತುತ್ತದೆ. ಉರಿ ಆರಿ ಅನಿಲ ಮಾತ್ರ ಹರಿಯುತ್ತಿದ್ದರೆ ಪೆಟ್ಟಿಗೆಯೆಲ್ಲ ಅನಿಲದಿಂದ ತುಂಬಿ, ವಿದ್ಯುತ್ ಬಂದೊಡನೆ ಹಾರುವ ಕಿಡಿಗೆ ಸ್ಫೋಟವಾಗುತ್ತದೆ. ಇದನ್ನು ತಡೆಯಲೆಂದೇ ವಿದ್ಯುತ್ ಹೋದರೆ ತಾನಾಗಿ ಮುಚ್ಚುವ ಸೊಲೆನಾಯ್ಡ್ ಕವಾಟ ಹಾಗೂ ಉರಿ ಆರಿದರೆ ಅನಿಲ ನಿಲ್ಲಿಸುವ ಥರ್ಮೋಕಪಲ್ ಸಾಧನ ಇರುತ್ತವೆ. ಇವಿಲ್ಲದ ಡ್ರೈಯರನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬಾರದು. ಪದೇ ಪದೇ ಉರಿ ನಿಲ್ಲುತ್ತದೆ ಎಂಬ ಕಿರಿಕಿರಿಗೆ ಈ ಸಾಧನವನ್ನೇ ತಂತಿ ಕಟ್ಟಿ ಸದಾ ತೆರೆದಿಡುವ ಚಾಳಿ ಅಲ್ಲಲ್ಲಿ ಕಂಡುಬರುತ್ತದೆ. ಪದೇ ಪದೇ ನಿಲ್ಲುತ್ತಿದ್ದರೆ ದೋಷ ಬೇರೆಲ್ಲೋ ಇದೆ ಎಂದೇ ಅರ್ಥ.

ಮರಳಿ ಹೊತ್ತಿಸುವ ಮುನ್ನ ಬಾಗಿಲು ತೆರೆದು ವಾಸನೆ ಗಮನಿಸಿ. ವಾಸನೆ ಇಲ್ಲವೆಂದು ಖಚಿತವಾದ ಮೇಲೆ ಬ್ಲೋವರ್ ಮಾತ್ರ ಐದು ನಿಮಿಷ ನಡೆಸಿ, ಅನಂತರ ಬರ್ನರ್ ಹೊತ್ತಿಸಿ. ಒಣಗಿಸುವಿಕೆ ಮುಗಿದಾಗಲೂ ಇದೇ ಕ್ರಮ ತಿರುಗುಮುರುಗು: ಮೊದಲು ಸಿಲಿಂಡರಿನ ಬಳಿ ಅನಿಲ ನಿಲ್ಲಿಸಿ, ಬೆಳೆ ತಣಿಯುವವರೆಗೆ ಬ್ಲೋವರ್ ನಡೆಯಲಿ. ಬಿಸಿಯಾಗಿರುವಾಗಲೇ ಚೀಲಕ್ಕೆ ತುಂಬಿದ ಏಲಕ್ಕಿ, ಕಾಳುಮೆಣಸು ಒಳಗೇ ಬೆವೆತು ಬೂಷ್ಟು ಹಿಡಿಯುತ್ತವೆ.

ಸಿಲಿಂಡರ್, ಪೈಪು, ರೆಗ್ಯುಲೇಟರ್

14.2 ಕೆ.ಜಿ.ಯ ಗೃಹಬಳಕೆಯ ಸಿಲಿಂಡರನ್ನು ಬೆಳೆ ಒಣಗಿಸಲು ಬಳಸುವುದು 2000ನೇ ಇಸವಿಯ ಎಲ್‌ಪಿಜಿ ಸರಬರಾಜು ಮತ್ತು ವಿತರಣೆ ನಿಯಂತ್ರಣ ಆದೇಶಕ್ಕೆ ವಿರುದ್ಧ. 19 ಕೆ.ಜಿ.ಯ ವಾಣಿಜ್ಯ ಸಿಲಿಂಡರನ್ನೇ ಪಡೆಯಬೇಕು. ಪಡೆಯುವಾಗ ಸಿಲಿಂಡರಿನ ಮೇಲ್ಭಾಗದ ಪಟ್ಟಿಯ ಒಳಮೈ ನೋಡಿ: ಎ, ಬಿ, ಸಿ, ಡಿ ಅಕ್ಷರಗಳು ಕ್ರಮವಾಗಿ ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗೆ ಕೊನೆಗೊಳ್ಳುವ ಮೂರು ತಿಂಗಳನ್ನೂ ಪಕ್ಕದ ಅಂಕಿ ಇಸವಿಯನ್ನೂ ಸೂಚಿಸುತ್ತವೆ. ಆ ಅವಧಿ ಮೀರಿದ ಸಿಲಿಂಡರನ್ನು ಹಿಂದಿರುಗಿಸಿರಿ.

ದೀರ್ಘಕಾಲ ಅನಿಲ ಎಳೆದಾಗ ಸಿಲಿಂಡರ್ ತಣ್ಣಗಾಗಿ ಒತ್ತಡ ಇಳಿಯುತ್ತದೆ; ಹೊರಮೈಯಲ್ಲಿ ನೀರಹನಿ, ಕೆಲವೊಮ್ಮೆ ಹಿಮ ಕಾಣುತ್ತದೆ. ಆಗ ಬಿಸಿನೀರು ಸುರಿಯುವುದು, ಒಲೆಯ ಬಳಿ ಸರಿಸುವುದು, ಅಡ್ಡ ಮಲಗಿಸುವುದು ಮೂರೂ ಅಪಾಯಕಾರಿ. ಅಡ್ಡ ಮಲಗಿಸಿದ ಸಿಲಿಂಡರಿನಿಂದ ಅನಿಲದ ಬದಲು ದ್ರವವೇ ಹೊರನುಗ್ಗಬಹುದು. ಒಂದು ಸಿಲಿಂಡರ್ ಸಾಲದಿದ್ದರೆ ವಿತರಕರ ತಂತ್ರಜ್ಞರಿಂದ ಎರಡನ್ನು ಜೋಡಿಸುವ ವ್ಯವಸ್ಥೆ ಮಾಡಿಸಿಕೊಳ್ಳಬೇಕು. ತಯಾರಕರು ಸೂಚಿಸಿದ ರೆಗ್ಯುಲೇಟರಿನ ಬದಲು ಹೆಚ್ಚು ಒತ್ತಡದ್ದನ್ನು ಹಾಕಬಾರದು.

ಐಎಸ್‌ಐ ಗುರುತಿನ ಸುರಕ್ಷಾ ಪೈಪನ್ನು ಐದು ವರ್ಷಕ್ಕೊಮ್ಮೆ ಬದಲಿಸುವುದು ನಿಯಮ. ನಮ್ಮಲ್ಲಿ ಅದಕ್ಕೂ ಮುನ್ನ ಇಲಿ ಕಡಿದಿರುತ್ತದೆ. ಅಡಿಕೆ, ಕೊಬ್ಬರಿ ಇರುವೆಡೆ ಇಲಿ ಇದ್ದೇ ಇರುವುದರಿಂದ ಪ್ರತಿ ಒಬ್ಬೆಗೂ ಮೊದಲು ಪೈಪನ್ನು ಉದ್ದಕ್ಕೂ ಕೈಯಾಡಿಸಿ ನೋಡಬೇಕು, ಕೀಲುಗಳಿಗೆ ಸೋಪುನೀರು ಹಚ್ಚಿ ಗುಳ್ಳೆ ಬರುವುದೇ ಎಂದು ಪರೀಕ್ಷಿಸಬೇಕು. ಬೆಂಕಿಕಡ್ಡಿ ಗೀರಿ ಪರೀಕ್ಷಿಸುವುದು ಸಲ್ಲದು.

ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟಬೇಡಿರಿ. ಆರಿಸುವಾಗಲೂ ಕಿಡಿ ಹಾರುತ್ತದೆ. ಸಿಲಿಂಡರಿನ ಕವಾಟ ಮುಚ್ಚಿ, ಬಾಗಿಲು ತೆರೆದು, ಕೆಳಗಿನ ಬಚ್ಚಲ ಒಲೆಯನ್ನೂ ಗಮನಿಸಿ, ದೂರ ಹೋದ ಮೇಲೆ 1906ಕ್ಕೆ ಕರೆ ಮಾಡಿರಿ. ಇದು ಎಲ್‌ಪಿಜಿ ಸೋರಿಕೆಯ ತುರ್ತು ಸಹಾಯವಾಣಿ. ಬೆಂಕಿ ಹತ್ತಿದ್ದರೆ 112.

ಧೂಳು, ಎಣ್ಣೆ, ಬಟ್ಟೆ

ಒಣ ಏಲಕ್ಕಿಯ ತೊಟ್ಟು, ಮೆಣಸಿನ ಗೊಂಚಲಿನ ಪುಡಿ, ಅಡಿಕೆ ಸಿಪ್ಪೆಯ ನಾರು ಇವು ಟ್ರೇಯಿಂದ ಉದುರಿ ಬರ್ನರಿನ ಸುತ್ತ ಕೂಡುತ್ತವೆ. ಪ್ರತಿ ಒಬ್ಬೆಯ ನಂತರ, ಯಂತ್ರ ತಣಿದ ಮೇಲೆ, ಜಾಲರಿ ಮತ್ತು ತಳದ ತಟ್ಟೆಯನ್ನು ಗುಡಿಸಿ ತೆಗೆಯಬೇಕು. ಕೊಬ್ಬರಿ ಒಣಗಿಸಿದ ಟ್ರೇಗಳಲ್ಲಿ ಎಣ್ಣೆ ಅಂಟಿರುತ್ತದೆ. ಸೋಪುನೀರಿನಲ್ಲಿ ತೊಳೆಯದೆ ಮುಂದಿನ ಬೆಳೆ ಹಾಕಬಾರದು. ತೇವದ ಗಾಳಿ ಹೊರಹೋಗುವ ಕೊಳವೆ ತಗಡಿನದಾಗಿದ್ದು, ಗಿಡ್ಡವಾಗಿ, ತಿರುವು ಕಡಿಮೆಯಾಗಿ, ಮನೆಯ ಹೊರಗೇ ತೆರೆಯಬೇಕು. ಅಟ್ಟದೊಳಗೆ ತೆರೆದರೆ ಅಲ್ಲಿಟ್ಟ ಚಾಲಿ ಅಡಿಕೆಗೆ ಬೂಷ್ಟು ಖಂಡಿತ.

ವಾರಗಟ್ಟಲೆ ಬಿಸಿಲು ಕಾಣದ ಆಷಾಢದಲ್ಲಿ ಬಟ್ಟೆಗಳನ್ನು ಡ್ರೈಯರಿನೊಳಗೆ ಅಥವಾ ಅದರ ಮೇಲೆ ಹಗ್ಗ ಕಟ್ಟಿ ಹರಡುವುದು ಗೃಹಿಣಿಯರಿಗೆ ಸಹಜವಾಗಿ ತೋರುವ ಉಪಾಯ. ಅವರ ಕಷ್ಟ ಅರ್ಥವಾಗುವಂಥದ್ದೇ. ಆದರೆ ಈ ಯಂತ್ರ ಬಟ್ಟೆಗೆಂದು ಮಾಡಿದ್ದಲ್ಲ: ಕೆಳಗೆ ತೆರೆದ ಉರಿಯಿದೆ, ಜಾರಿದ ಒಂದು ಟವೆಲ್ ಗಾಳಿಯ ದಾರಿಯನ್ನು ಮುಚ್ಚಬಲ್ಲದು. ಕಳೆ ಕೊಚ್ಚುವ ಯಂತ್ರ ಹಿಡಿದವರ ಬಟ್ಟೆಯಲ್ಲಿ ಪೆಟ್ರೋಲ್ ಇರುತ್ತದೆ. ಔಷಧಿ ಸಿಂಪಡಿಸಿದವರ ಬಟ್ಟೆಯಲ್ಲಿ ಕೀಟನಾಶಕದ ಶೇಷವಿದ್ದು ಅದು ಮರುದಿನದ ಏಲಕ್ಕಿಗೆ ತಗುಲುತ್ತದೆ. ಬಟ್ಟೆ ಒಣಗಿಸಲೇಬೇಕಾದರೆ ಪಕ್ಕದ ಗಾಳಿಯಾಡುವ ಕೋಣೆಯಲ್ಲಿ ಫ್ಯಾನಿನ ಕೆಳಗೆ ಹರಡುವುದೇ ಸರಿ.

ವಿಸ್ತರಣಾ ಕಾರ್ಯಕರ್ತರು ಡ್ರೈಯರ್ ಇರುವ ಮನೆಗೆ ಭೇಟಿ ನೀಡಿದಾಗ ಬೆಳೆಯ ತೇವಾಂಶ ಕೇಳುವ ಮೊದಲು ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂದು ಕೇಳಬೇಕು. ಕೆಲಸಕ್ಕೆ ಹೊರ ಊರುಗಳಿಂದ ಬಂದ ಕುಟುಂಬಗಳಿಗೆ ಡ್ರೈಯರ್ ಶೆಡ್ಡಿನಲ್ಲೇ ವಸತಿ ಕೊಟ್ಟಿದ್ದರೆ, ಹಂಗಾಮು ಮುಗಿಯುವವರೆಗೆ ಬೇರೆ ಜಾಗ ಮಾಡಿಕೊಡುವಂತೆ ಯಜಮಾನರಿಗೆ ಸ್ಪಷ್ಟವಾಗಿ ತಿಳಿಸಬೇಕು.