ಹಳೇ ಸೀರೆ, ಮಸ್ಲಿನ್, ಪಾಲಿಯೆಸ್ಟರ್: ಕೂಸು ಸುತ್ತುವ ಬಟ್ಟೆಯ ಕಥೆ

ಇವತ್ತಿನ ವಿಷಯ ಎಳೆಗೂಸನ್ನು ಸುತ್ತುವ, ತೂಗುವ ಬಟ್ಟೆ. ಇದರಲ್ಲೇನು ಇತಿಹಾಸ ಅಂತ ಕೇಳಬಹುದು. ಆದರೆ ಇದರ ಹಿಂದೆ ಹೊರಟರೆ ಢಾಕಾ, ಲಂಡನ್, ಧಾರವಾಡ, ಸೂರತ್ ಎಲ್ಲ ಸುತ್ತಿ ಬರಬೇಕಾಗುತ್ತೆ.

ಪುಣೆಯಲ್ಲೋ ಹೈದರಾಬಾದಿನಲ್ಲೋ ಇರುವ ನಮ್ಮವರ ಫ್ಲ್ಯಾಟುಗಳಲ್ಲಿ ಕೂಸು ಹುಟ್ಟಿದಾಗ ಎರಡು ಥರದ ಬಟ್ಟೆ ಬಂದು ಸೇರುತ್ತವೆ. ಒಂದು, ಆ್ಯಪ್‌ನಲ್ಲಿ ತರಿಸಿದ ಮಸ್ಲಿನ್ ಸ್ವಾಡಲ್. ಇನ್ನೊಂದು, ಬಾಣಂತನಕ್ಕೆ ಊರಿಂದ ಬಂದ ಅಮ್ಮನ ಬ್ಯಾಗಿನಲ್ಲಿರೋ ಹಳೇ ವಾಯಿಲ್ ಸೀರೆಯ ತುಂಡುಗಳು, ಜೊತೆಗೊಂದು ಸಣ್ಣ ಕೌದಿ. ಮಗಳು "ಹಳೇದು ಬ್ಯಾಡ ಅವ್ವಾ" ಅಂತಾಳೆ. ಅವ್ವ "ನಿನ್ನ ಇದರಾಗ ಸುತ್ತೇ ಬೆಳಸೇನಿ" ಅಂತಾಳೆ. ತಮಾಷೆ ಏನಂದ್ರೆ, ಇಬ್ಬರ ಕೈಯಲ್ಲಿರೋದೂ ಹತ್ತಿಯೇ.

ಹತ್ತಿಯೇ ಯಾಕೆ? ಕೂಸಿನ ಮೈ ಚಿಕ್ಕದು, ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಜಾಸ್ತಿ. ಬೇಗ ತಣ್ಣಗಾಗುತ್ತೆ, ಸುತ್ತಿಟ್ಟರೆ ಬೇಗ ಕಾವೇರುತ್ತೆ. ಸಾಧಾರಣ ಹವೆಯಲ್ಲೇ ಹತ್ತಿ ತನ್ನ ತೂಕದ ಸುಮಾರು 8 ಶೇಕಡಾದಷ್ಟು ತೇವವನ್ನು ಎಳೆಯೊಳಗೆ ಹಿಡಿದಿಟ್ಟುಕೊಂಡಿರುತ್ತೆ. ಪಾಲಿಯೆಸ್ಟರ್ ಹಿಡಿಯೋದು ಅರ್ಧ ಶೇಕಡಾಕ್ಕಿಂತ ಕಡಿಮೆ. ತೆಳುವಾಗಿ ನೇಯ್ದ ಹತ್ತಿ ಬೆವರನ್ನೂ ಹೀರುತ್ತೆ, ಗಾಳಿಯನ್ನೂ ಆಡಿಸುತ್ತೆ. 'ಉಸಿರಾಡುವ ಬಟ್ಟೆ' ಅಂದ್ರೆ ಇಷ್ಟೇ.

ಈಗ ಮಸ್ಲಿನ್‌ಗೆ ಬರೋಣ. ಇರಾಕಿನ ಮೊಸುಲ್ ಊರಿನಿಂದ ಬಂದ ಹೆಸರು ಅಂತಾರೆ, ಆದರೆ ಜಗತ್ತು ಬೆರಗಾಗಿದ್ದು ಢಾಕಾದ ಮಸ್ಲಿನ್‌ಗೆ. ಮೇಘನಾ ನದಿಯ ಬದಿಯಲ್ಲಿ ಬೆಳೆಯುತ್ತಿದ್ದ 'ಫುಟಿ ಕರ್ಪಾಸ್' ಎಂಬ ಹತ್ತಿ. ನೂಲು ಹರಿಯಬಾರದು ಅಂತ ಗಾಳಿಯಲ್ಲಿ ತೇವ ಇರುವ ಬೆಳಗಿನ, ಸಂಜೆಯ ಹೊತ್ತಿನಲ್ಲೇ ಹೆಂಗಸರು ನೂಲುತ್ತಿದ್ದರು. ಅದು ಬಾದಶಹರು ತೊಡುವ ಬಟ್ಟೆ. ಹಳ್ಳಿಯ ಕೂಸಿಗೆ ಎಲ್ಲಿ ಸಿಗಬೇಕು?

ಅದೇ ಕಾಲದ ಯುರೋಪಿನಲ್ಲಿ ಕೂಸುಗಳನ್ನು ಉದ್ದನೆಯ ಪಟ್ಟಿಗಳಿಂದ ಕೈಕಾಲು ಆಡದಂತೆ ಬಿಗಿದು ಸುತ್ತುತ್ತಿದ್ದರು. 1748ರಲ್ಲಿ ವಿಲಿಯಂ ಕ್ಯಾಡೋಗನ್ ಎಂಬ ಇಂಗ್ಲಿಷ್ ವೈದ್ಯ ಇದನ್ನು ವಿರೋಧಿಸಿ ಒಂದು ಪ್ರಬಂಧ ಬರೆದ. ಕೂಸಿಗೆ ಹಗುರಾದ, ಸಡಿಲವಾದ ಬಟ್ಟೆ ಸಾಕು ಅನ್ನೋದು ಅವನ ವಾದ. 1762ರಲ್ಲಿ ರೂಸೋ ಕೂಡ 'ಎಮಿಲ್'ನಲ್ಲಿ ಇದನ್ನೇ ಹೇಳಿದ. ಆ ಹಗುರ ಬಟ್ಟೆ ಹಡಗಿನಲ್ಲಿ ಬರುತ್ತಿದ್ದದ್ದು ನಮ್ಮ ಕಡೆಯಿಂದ. ಆ ಶತಮಾನದ ಕೊನೆಯ ಹೊತ್ತಿಗೆ ಬಿಳಿ ಮಸ್ಲಿನ್ ಫ್ರಾಕು ಇಂಗ್ಲೆಂಡಿನ ಉಳ್ಳವರ ಮಕ್ಕಳ ಉಡುಪಾಗಿತ್ತು.

ಆಮೇಲೆ ಏನಾಯ್ತು ಗೊತ್ತೇ ಇದೆ. 1779ರಲ್ಲಿ ಸ್ಯಾಮ್ಯುಯೆಲ್ ಕ್ರಾಂಪ್ಟನ್‌ನ ನೂಲುವ ಯಂತ್ರ ಬಂತು, ಮಸ್ಲಿನ್‌ಗೆ ಬೇಕಾದ ಸಣ್ಣ ನೂಲು ಅಲ್ಲೇ ತಯಾರಾಯ್ತು. ನಮ್ಮ ಬಟ್ಟೆಗೆ ಅಲ್ಲಿ ಭಾರೀ ಸುಂಕ ಬಿತ್ತು. 1866ರಲ್ಲಿ ಫೋರ್ಬ್ಸ್ ವಾಟ್ಸನ್ ಎಂಬಾತ ಭಾರತದ ಬಟ್ಟೆಗಳ 700 ಮಾದರಿಗಳನ್ನು ಕತ್ತರಿಸಿ 18 ಸಂಪುಟಗಳಲ್ಲಿ ಅಂಟಿಸಿ ಹಂಚಿದ. ಇಂಥವನ್ನು ನೀವೂ ನೇಯ್ದು ಅಲ್ಲಿ ಮಾರಿ ಅಂತ ಬ್ರಿಟಿಷ್ ಗಿರಣಿಯವರಿಗೆ ತೋರಿಸೋದಕ್ಕೆ! ಢಾಕಾದ ನೂಲುವ ಕೈಗಳು ಅಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದವು.

ಇನ್ನು ನಮ್ಮ ಊರ ಕಡೆ ಬನ್ನಿ. ಧಾರವಾಡ, ಗದಗ ಕಡೆ ಬೆಳೆದ ಜವಾರಿ ಹತ್ತಿ 19ನೇ ಶತಮಾನದಲ್ಲಿ ಕುಮಟಾ ಬಂದರಿನಿಂದ ಹೋಗುತ್ತಿತ್ತು, ವ್ಯಾಪಾರದಲ್ಲಿ ಅದರ ಹೆಸರೇ 'ಕುಮ್ಟಾ' ಹತ್ತಿ. ಆದರೆ ಹೊಲಕ್ಕೆ ಹೋಗುವ ಹೆಣ್ಣುಮಗಳು ಉಡುತ್ತಿದ್ದ ಸೀರೆ ದಪ್ಪ ನೂಲಿನದ್ದು, ಗಂಜಿ ಕುಡಿದ ಬಿರುಸು ಬಟ್ಟೆ. ಹೊಸದಾಗಿದ್ದಾಗ ಕೂಸಿನ ಮೈಗೆ ತರಚುತ್ತೆ. ಅದು ಮೆತ್ತಗಾಗಬೇಕಾದರೆ ವರ್ಷಗಟ್ಟಲೆ ಉಡಬೇಕು, ಕಲ್ಲಿಗೆ ಒಗೆಯಬೇಕು, ಬಿಸಿಲಿಗೆ ಹಾಕಬೇಕು.

ಢಾಕಾದ ಮೆದು ನೂಲುವ ಕೈಯಿಂದ ಬಂತು, ನಮ್ಮ ಮೆದು ಉಟ್ಟ ಮೈಯಿಂದ ಬಂತು. ಎಷ್ಟೋ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಮೊದಲು ಹಳೇ ಬಟ್ಟೆಯನ್ನೇ ಹಾಕಿ, ಹೊಸ ಕುಲಾವಿ-ಕುಂಚಿಗಿಗಳನ್ನು ಹೆಸರಿಡುವ ದಿನಕ್ಕೆ ಇಟ್ಟುಕೊಳ್ಳುತ್ತಿದ್ದರು. ದೃಷ್ಟಿ ಆಗಬಾರದು ಅಂತ ಹೇಳುತ್ತಿದ್ದರು. ಬಡತನವೂ ಇತ್ತು ಅನ್ನೋದನ್ನು ಮರೆಯೋದು ಬೇಡ, ಹೊಸ ಬಟ್ಟೆ ಎಲ್ಲರ ಕೈಗೆಟಕುತ್ತಿರಲಿಲ್ಲ. ಇದು ನಮ್ಮ ಊರಿನ ಬುದ್ಧಿ ಮಾತ್ರ ಅಂತಲೂ ಅಲ್ಲ. ನಮ್ಮ ಕೌದಿ, ಮಹಾರಾಷ್ಟ್ರದ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ ಎಲ್ಲವೂ ಹಳೇ ಬಟ್ಟೆಯ ಪದರ ಜೋಡಿಸಿ ಹೊಲಿದವು. ಇವತ್ತಿನ ಸ್ವಾಡಲ್ ಮೇಲೆ 'ಪ್ರೀ-ವಾಷ್ಡ್' ಅಂತ ಬರೆದಿರುತ್ತೆ ನೋಡಿ. ಅಜ್ಜಿ ಇಪ್ಪತ್ತು ವರ್ಷದಲ್ಲಿ ಮಾಡಿದ್ದನ್ನು ಕಂಪನಿ ಒಂದು ದಿನದಲ್ಲಿ ಮಾಡಿ ಮಾರುತ್ತೆ, ಅಷ್ಟೇ.

ಈ ಸರಪಳಿ ಕಡಿದದ್ದು ನಮ್ಮ ಕಣ್ಣೆದುರಿಗೇ. 1960ರ ದಶಕದಲ್ಲಿ ಟೆರಿಲೀನ್ ಅಂದ್ರೆ ದುಬಾರಿ ಶೋಕಿ. 1985ರ ಜವಳಿ ನೀತಿ ಸಿಂಥೆಟಿಕ್ ನೂಲಿಗೆ ದಾರಿ ಸಲೀಸು ಮಾಡಿತು. ಸೂರತ್ತಿನ ಪವರ್‌ಲೂಮ್ ಸೀರೆ ಸಂತೆಸಂತೆಗೂ ಬಂತು. ಅಗ್ಗ, ಬೇಗ ಒಣಗುತ್ತೆ, ಬಣ್ಣ ಹೋಗಲ್ಲ, ಇಸ್ತ್ರಿ ಬೇಡ. ದಿನಾ ದುಡಿಯುವ ಹೆಂಗಸಿಗೆ ಇದು ದೊಡ್ಡ ನೆಮ್ಮದಿ, ಅದನ್ನು ಹೀಗಳೆಯೋ ಹಕ್ಕು ನಮಗಿಲ್ಲ. ಆದರೆ ಪಾಲಿಯೆಸ್ಟರ್ ಸೀರೆ ಎಷ್ಟು ಹಳೆಯದಾದರೂ ಬೆವರು ಹೀರೋದನ್ನು ಕಲಿಯಲ್ಲ.

ಹಿಂಜವಡಿಯಲ್ಲಿ, ಗಚ್ಚಿಬೌಲಿಯಲ್ಲಿ ಟವರ್ ಕಟ್ಟುವ ಜಾಗಗಳಲ್ಲಿ ಎರಡು ಕಂಬಕ್ಕೆ ಸೀರೆ ಕಟ್ಟಿ ಕೂಸು ಮಲಗಿಸಿರೋದನ್ನು ನೀವೂ ನೋಡಿರುತ್ತೀರಿ. ಅದೇ ನಮ್ಮ ಜೋಲಿ. ಒಂದೊಂದು ಸಲ ಜೋಲಿ ತೂಗುವ ತಾಯಿಯ ಮಾತೂ ನಮ್ಮದೇ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಗುಳೆ ಬಂದವರು. ನಾನು ಕಂಡ ಜೋಲಿಗಳು ಬಹುಪಾಲು ಹೊಳೆಯುವ ಸಿಂಥೆಟಿಕ್ ಸೀರೆಯವು. ಭಾರ ತಡೆಯುತ್ತೆ, ಹರಿಯಲ್ಲ. ಏಪ್ರಿಲ್ ಬಿಸಿಲಲ್ಲಿ ಒಳಗಿರೋ ಕೂಸಿನ ಬೆನ್ನು ಮಾತ್ರ ಒದ್ದೆ.

ಅದೇ ಟವರಿನಲ್ಲಿ ನಾಳೆ ಕೆಲಸ ಮಾಡುವವರ ಕೂಸಿಗೆ ಹತ್ತಿಯ ಬೇಬಿ ರ‍್ಯಾಪ್ ಬರುತ್ತೆ. ಆ ರ‍್ಯಾಪ್‌ಗಳ ವ್ಯಾಪಾರ 1972ರಲ್ಲಿ ಜರ್ಮನಿಯಲ್ಲಿ ಎರಿಕಾ ಹಾಫ್‌ಮನ್ ಎಂಬ ಅವಳಿ ಮಕ್ಕಳ ತಾಯಿ ಶುರು ಮಾಡಿದ್ದು. ಲ್ಯಾಟಿನ್ ಅಮೆರಿಕದ ಹೆಂಗಸರು ಕೂಸು ಕಟ್ಟಿಕೊಳ್ಳುವ ಬಟ್ಟೆಯೇ ಆಕೆಗೆ ದಾರಿ ತೋರಿಸಿತ್ತು. ಒಂದು ಕಾಲಕ್ಕೆ ಬಡವರ ಮನೆಯಲ್ಲಿ ತಾನಾಗಿಯೇ ಇದ್ದ ಹತ್ತಿ ಈಗ ದುಡ್ಡಿದ್ದವರ ಆಯ್ಕೆ. ಶೋಕಿಯಾಗಿದ್ದ ಪಾಲಿಯೆಸ್ಟರ್ ಈಗ ಬಡವರ ಅನಿವಾರ್ಯ. ಇದರಲ್ಲಿ ತಾಯಿಯ ಪ್ರೀತಿಯ ಹೆಚ್ಚುಕಡಿಮೆ ಏನಿಲ್ಲ. ಯಾವ ಕೂಸಿಗೆ ಉಸಿರಾಡುವ ಬಟ್ಟೆ ಅನ್ನೋದನ್ನು ಸುಂಕ, ಗಿರಣಿ, ನೀತಿಗಳೇ ತೀರ್ಮಾನಿಸುತ್ತಾ ಬಂದಿವೆ.

ಹಾಗಾಗಿ ಎರಡು ಮಾತು. ಅಮ್ಮ ತಂದ ಸೀರೆ ಹತ್ತಿಯದ್ದಾ ಅಂತ ಅನುಮಾನ ಇದ್ದರೆ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕಾಗದ ಸುಟ್ಟ ವಾಸನೆ ಬಂದು ಬೂದಿಯಾದರೆ ಹತ್ತಿ, ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ಹತ್ತಿಯಾದರೆ ಕುದಿಸಿ, ಬಿಸಿಲಿಗೆ ಒಣಗಿಸಿ, ಧೈರ್ಯವಾಗಿ ಬಳಸಿ. ಕಾಲು ಆಡೋಕೆ ಜಾಗ ಬಿಟ್ಟು ಸಡಿಲವಾಗಿ ಸುತ್ತಿ. ಎರಡನೇದು, ಮಗು ಬೆಳೆದ ಮೇಲೆ ಆ ಸ್ವಾಡಲ್‌ಗಳನ್ನು ಕಪಾಟಿನಲ್ಲಿ ಇಡಬೇಡಿ. ನಿಮ್ಮ ಆಫೀಸಿನ ಪಕ್ಕದಲ್ಲೇ ಒಂದು ಜೋಲಿ ತೂಗುತ್ತಿರುತ್ತೆ. ಒಗೆದು ಕೊಡಿ, ಕನ್ನಡದಲ್ಲೇ ಮಾತಾಡಿಸಿ.

ನಿಮ್ಮ ಮನೇಲಿ ಕೂಸಿನ ಬಟ್ಟೆಗೆ ಏನೇನು ಹೆಸರಿತ್ತು, ಬರೆದು ಕಳಿಸಿ. ಮುಂದಿನ ಮಾತಿನಲ್ಲಿ ಸಿಗೋಣ.